ಅಮ್ಮನೂ ಮಗಳೂ ಒಂದೇ ಸ್ಟ್ರಿಪ್‌ನಿಂದ ವಿಟಮಿನ್ ಇ ನುಂಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಕೂದಲು ಉದುರುತ್ತಿದೆ, ಮುಖದ ಚರ್ಮ ಒಣಗಿದೆ, ರಾತ್ರಿ ಮೀನಖಂಡ ಸೆಳೆದು ಎಚ್ಚರ ಆಗುತ್ತದೆ. ಗೆಳತಿ ಹೇಳಿದಳು ಅಂತ ಏಳು ತಿಂಗಳಿಂದ ದಿನಕ್ಕೊಂದು ವಿಟಮಿನ್ ಇ 400 ಮಿ.ಗ್ರಾಂ ಕ್ಯಾಪ್ಸೂಲ್ ತಗೊಳ್ಳುತ್ತಿದ್ದೇನೆ. ವಾರಕ್ಕೆರಡು ಸಲ ಅದನ್ನೇ ಚುಚ್ಚಿ ಮುಖಕ್ಕೂ ಹಚ್ಚುತ್ತೇನೆ. ನಾವು ಮಗುವಿಗೆ ಪ್ರಯತ್ನ ಮಾಡುತ್ತಿದ್ದೇವೆ, ಇದು ಗರ್ಭ ನಿಲ್ಲೋಕೆ ಒಳ್ಳೆಯದು ಅಂತಲೂ ಓದಿದ್ದೆ. ಈಗ ಯಾರೋ, ಇದು ಲಿವರ್‌ನಲ್ಲಿ ಸೇರಿಕೊಂಡು ವಿಷ ಆಗುತ್ತೆ ಅಂತ ಹೆದರಿಸಿದ್ದಾರೆ. ನಿಲ್ಲಿಸಿದರೆ ಕೂದಲು ಇನ್ನೂ ಜಾಸ್ತಿ ಉದುರುತ್ತಾ? ಇದು ದೇಹದಲ್ಲಿ ನಿಜಕ್ಕೂ ಏನು ಕೆಲಸ ಮಾಡುತ್ತೆ? ಅಂದಹಾಗೆ, ನಮ್ಮ ಅಮ್ಮನಿಗೆ 62, ಹಾರ್ಟ್ ವಾಲ್ವ್ ಬದಲಾಯಿಸಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ಳುತ್ತಾರೆ. ಮಂಡಿ ನೋವಿಗೂ ಒಳ್ಳೆಯದಾಗಬಹುದು ಅಂತ ಒಂದು ತಿಂಗಳಿಂದ ಅವರೂ ನನ್ನ ಸ್ಟ್ರಿಪ್‌ನಿಂದಲೇ ತಗೊಳ್ಳುತ್ತಿದ್ದಾರೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ಮೊದಲು ಅಮ್ಮನ ವಿಷಯ. ನಿಮ್ಮ ಪತ್ರದಲ್ಲಿ ಅದು ಕೊನೆಗೆ, "ಅಂದಹಾಗೆ" ಅಂತ ಬಂದಿದೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಅದೇ ಸಾಲು.

ಅವರ ವಿಟಮಿನ್ ಇ ಇವತ್ತೇ ನಿಲ್ಲಲಿ. ವಾರ್ಫರಿನ್ ಮಾತ್ರ ನಿಲ್ಲಬಾರದು, ಅದರ ಡೋಸ್ ನೀವಾಗಿ ಹೆಚ್ಚುಕಡಿಮೆ ಮಾಡಲೂ ಬಾರದು. ವಾಲ್ವ್ ಹಾಕಿಸಿಕೊಂಡವರಿಗೆ ಅದು ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಬೇರೆಯೇ ಅನಾಹುತ ಆಗುತ್ತದೆ. ಅವರ ವೈದ್ಯರಿಗೆ ಫೋನ್ ಮಾಡಿ, "ಒಂದು ತಿಂಗಳು ವಿಟಮಿನ್ ಇ 400 ತಗೊಂಡಿದ್ದಾರೆ, ಈಗ ನಿಲ್ಲಿಸಿದ್ದೇವೆ" ಅಂತ ಎರಡನ್ನೂ ಹೇಳಿ. ಈಗೊಮ್ಮೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಪರೀಕ್ಷೆ) ನೋಡಿಸಿ, ಮತ್ತೆ ಯಾವಾಗ ಅಂತ ಅವರನ್ನೇ ಕೇಳಿ. ವಸಡಿನಲ್ಲಿ ರಕ್ತ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿಗಟ್ಟುವುದು, ಕಪ್ಪು ಮಲ, ಇದ್ದಕ್ಕಿದ್ದಂತೆ ಜೋರಾದ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಫೋನ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಕಾರಣ ಇಷ್ಟೇ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ವಾರ್ಫರಿನ್ ಅದರ ದಾರಿಗೆ ಅಡ್ಡ ನಿಲ್ಲುತ್ತದೆ. ಜಾಸ್ತಿ ಪ್ರಮಾಣದ ವಿಟಮಿನ್ ಇ ಕೂಡ ವಿಟಮಿನ್ ಕೆ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಜೊತೆಗೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನೂ ಕಡಿಮೆ ಮಾಡುತ್ತದೆ. ಎಲ್ಲರಿಗೂ ರಕ್ತಸ್ರಾವ ಆಗಿಬಿಡುತ್ತದೆ ಅಂತಲ್ಲ. ಎಷ್ಟೋ ಜನರಲ್ಲಿ ಐಎನ್‌ಆರ್ ಅಲುಗಾಡುವುದೇ ಇಲ್ಲ. ಆದರೆ ಯಾರಲ್ಲಿ ಅಲುಗಾಡುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಇನ್ನು ಮಂಡಿ ನೋವಿಗೆ ವಿಟಮಿನ್ ಇ ಕೆಲಸ ಮಾಡುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಹಾಗಿದ್ದಮೇಲೆ ಈ ಜೂಜು ಯಾಕೆ?

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಇಷ್ಟವಾಗಿದ್ದು "ಇದು ದೇಹದಲ್ಲಿ ನಿಜಕ್ಕೂ ಏನು ಮಾಡುತ್ತೆ" ಅನ್ನೋದು. ಏಳು ತಿಂಗಳು ನುಂಗಿದ ಮೇಲೆ ಕೇಳಿದಿರಿ, ಇರಲಿ. ಎಷ್ಟೋ ಜನ ಹತ್ತು ವರ್ಷ ನುಂಗಿಯೂ ಕೇಳುವುದಿಲ್ಲ.

ಅಡುಗೆ ಎಣ್ಣೆ ತುಂಬಾ ದಿನ ತೆರೆದಿಟ್ಟರೆ ಕಮಟು ವಾಸನೆ ಬರುತ್ತದಲ್ಲ, ಅಲ್ಲಿಂದ ಶುರು ಮಾಡಿದರೆ ಸುಲಭ. ಎಣ್ಣೆಯಲ್ಲಿರುವ ಒಂದು ಕೊಬ್ಬಿನ ಅಣು ತನ್ನ ಹೈಡ್ರೋಜನ್ ಕಳೆದುಕೊಳ್ಳುತ್ತದೆ. ಅದಕ್ಕೆ ಗಾಳಿಯ ಆಮ್ಲಜನಕ ಬಂದು ಅಂಟುತ್ತದೆ. ಈಗ ಅದು ಪಕ್ಕದ ಅಣುವಿನ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅದು ಇನ್ನೊಂದರದ್ದು, ಅದು ಮತ್ತೊಂದರದ್ದು. ಜೇಬು ಕತ್ತರಿಸಿಕೊಂಡವನೇ ಪಕ್ಕದವನ ಜೇಬಿಗೆ ಕೈ ಹಾಕಿದ ಹಾಗೆ. ಒಂದು ಕಡೆ ಶುರುವಾದರೆ ಸಾಲು ಸಾಲಾಗಿ ಹಾಳು.

ನಮ್ಮ ಒಂದೊಂದು ಜೀವಕೋಶದ ಸುತ್ತಲೂ ಇಂಥದ್ದೇ ಕೊಬ್ಬಿನ ತೆಳು ಪೊರೆ ಇದೆ. ನಾವು ಉಸಿರಾಡುವವರು, ಆಮ್ಲಜನಕ ಒಳಗೇ ಓಡಾಡುತ್ತಿರುತ್ತದೆ. ಅಂದರೆ ಕಮಟು ಹಿಡಿಯಲು ಬೇಕಾದ್ದೆಲ್ಲ ನಮ್ಮೊಳಗೇ ಇದೆ. ವಿಟಮಿನ್ ಇ ಕುಳಿತಿರುವುದು ಈ ಪೊರೆಯಲ್ಲೇ. ಅದಕ್ಕೆ ಒಂದು ತಲೆ, ಒಂದು ಉದ್ದ ಬಾಲ. ಬಾಲ ಕೊಬ್ಬಿನೊಳಗೆ ಹುದುಗಿರುತ್ತದೆ, ತಲೆ ಪೊರೆಯ ಮೇಲ್ಮೈ ಹತ್ತಿರ ಇರುತ್ತದೆ. ಜೇಬುಗಳ್ಳ ಅಣು ಬಂದಾಗ ಪಕ್ಕದ ಕೊಬ್ಬು ಸಿಗುವ ಮೊದಲೇ ವಿಟಮಿನ್ ಇ ತನ್ನ ಹೈಡ್ರೋಜನ್ ಕೊಟ್ಟುಬಿಡುತ್ತದೆ. ಕೊಬ್ಬಿನ ಅಣುವಿಗಿಂತ ಸುಮಾರು 1000 ಪಟ್ಟು ವೇಗವಾಗಿ! ಕೊಟ್ಟ ಮೇಲೆ ತಾನು ಇನ್ನೊಬ್ಬರ ಮೇಲೆ ಬೀಳುವುದಿಲ್ಲ, ಹೆಚ್ಚುಕಡಿಮೆ ಸುಮ್ನೆ ಕೂರುತ್ತದೆ. ಸರಪಳಿ ಅಲ್ಲಿಗೆ ಕಡಿಯಿತು.

ಇದರಲ್ಲಿ ನನಗೆ ಇವತ್ತಿಗೂ ಸೋಜಿಗ ಅನ್ನಿಸುವ ಸಂಗತಿ ಒಂದಿದೆ. ಪೊರೆಯಲ್ಲಿ ಸಾವಿರಕ್ಕೂ ಹೆಚ್ಚು ಕೊಬ್ಬಿನ ಅಣುಗಳಿಗೆ ವಿಟಮಿನ್ ಇ ಒಂದೇ ಒಂದು ಇರುತ್ತದೆ. ಅಷ್ಟು ಕಡಿಮೆ ಇದ್ದೂ ಹೇಗೆ ಸಾಕಾಗುತ್ತದೆ? ಅದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹೈಡ್ರೋಜನ್ ಕೊಟ್ಟು ಬರಿದಾದ ವಿಟಮಿನ್ ಇ ತಲೆಗೆ ಪೊರೆಯ ಹೊರಗಿನ ನೀರಿನಲ್ಲಿರುವ ವಿಟಮಿನ್ ಸಿ ಬಂದು ಮತ್ತೆ ಹೈಡ್ರೋಜನ್ ತುಂಬುತ್ತದೆ. ಆಗಲೇ ಕೆಟ್ಟಿರುವ ಕೊಬ್ಬನ್ನು ಸೆಲೆನಿಯಂ ಇರುವ ಒಂದು ಕಿಣ್ವ ತಣ್ಣಗಾಗಿಸುತ್ತದೆ. ಒಂದೇ ಕಾವಲುಗಾರ ಮತ್ತೆ ಮತ್ತೆ ಡ್ಯೂಟಿಗೆ ಬರುತ್ತಾನೆ. ಹೀಗಿರುವಾಗ ಹತ್ತು ಪಟ್ಟು ಕಾವಲುಗಾರರನ್ನು ಕಳಿಸಿದರೆ ಹತ್ತು ಪಟ್ಟು ಭದ್ರತೆ ಸಿಗುವುದಿಲ್ಲ. ವಿಟಮಿನ್ ಸಿ ತರಹದ ಜೊತೆಗಾರರು ಕಡಿಮೆ ಇದ್ದಾಗ ಬರಿದಾದ ವಿಟಮಿನ್ ಇ ತಾನೇ ಕೊಬ್ಬನ್ನು ಕೆಡಿಸಬಲ್ಲದು ಅಂತ ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ.

ಈ ಕೆಲಸ ಬಿಟ್ಟು ಜೀವಕೋಶಗಳ ಒಳಗೆ ಕೆಲವು ಸಂದೇಶಗಳನ್ನು ತಗ್ಗಿಸುವುದು, ರೋಗನಿರೋಧಕ ಕಣಗಳಿಗೆ ನೆರವಾಗುವುದು, ಆಗಲೇ ಹೇಳಿದ ಪ್ಲೇಟ್‌ಲೆಟ್ ವಿಷಯ, ಇವೂ ಇವೆ. ಮುಖ್ಯ ಕೆಲಸ ಮಾತ್ರ ಪೊರೆ ಕಾಯುವುದು.

ನಿಮ್ಮನ್ನು ಹೆದರಿಸಿದವರ ಮಾತಿಗೆ ಬರುತ್ತೇನೆ. ಲಿವರ್‌ನಲ್ಲಿ ಸೇರಿಕೊಂಡು ವಿಷ ಆಗುವುದು ವಿಟಮಿನ್ ಎ. ಇ ಕೂಡ ಕೊಬ್ಬಿನಲ್ಲೇ ಕರಗುತ್ತದೆ ಅಂತ ಅದಕ್ಕೂ ಅದೇ ಹಣೆಪಟ್ಟಿ ಹಚ್ಚಿದ್ದಾರೆ. ಅಸಲಿಗೆ ಆಗುವುದು ಬೇರೆ. ವಿಟಮಿನ್ ಇ ಅಂದರೆ ಒಂದೇ ವಸ್ತುವಲ್ಲ, ಎಂಟು ರೂಪಗಳಿವೆ: ನಾಲ್ಕು ಟೋಕೋಫೆರಾಲ್, ನಾಲ್ಕು ಟೋಕೋಟ್ರಯೀನಾಲ್. ಊಟದ ಕೊಬ್ಬಿನ ಜೊತೆ ಎಂಟೂ ಲಿವರ್‌ಗೆ ಬರುತ್ತವೆ. ಅಲ್ಲೊಂದು ಪ್ರೋಟೀನ್ ಗೇಟಿನಲ್ಲಿ ಕೂತ ಹಾಗೆ ಕೂತು, ಆಲ್ಫಾ ಟೋಕೋಫೆರಾಲ್ ಒಂದನ್ನೇ ಆರಿಸಿ ರಕ್ತಕ್ಕೆ ಕಳಿಸುತ್ತದೆ. ಉಳಿದಿದ್ದರಲ್ಲಿ ಹೆಚ್ಚಿನದಕ್ಕೆ ಲಿವರ್ ಬಾಲ ಕತ್ತರಿಸಿ ಮೂತ್ರ, ಪಿತ್ತರಸದ ದಾರಿಯಲ್ಲಿ ಹೊರಗೆ ಹಾಕುತ್ತದೆ. ನೀವು ಎಷ್ಟೇ ನುಂಗಿ, ರಕ್ತದಲ್ಲಿ ಅದರ ಮಟ್ಟ ಎರಡು ಮೂರು ಪಟ್ಟು ಏರಿ ನಿಂತುಬಿಡುತ್ತದೆ. ಹಾಗಾಗಿ ನಿಮ್ಮ ಲಿವರ್ ಹಾಳಾಗಿರುತ್ತದೆ ಅಂತ ರಾತ್ರಿ ನಿದ್ದೆಗೆಡಬೇಡಿ.

ನಿಮ್ಮ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. "ಡಿಎಲ್-ಆಲ್ಫಾ" ಅಂತಿದ್ದರೆ ಅದು ಕಾರ್ಖಾನೆಯಲ್ಲಿ ತಯಾರಿಸಿದ್ದು, ಬರೀ "ಡಿ-ಆಲ್ಫಾ" ಇದ್ದರೆ ಗಿಡದ ಎಣ್ಣೆಯಿಂದ ತೆಗೆದದ್ದು. ತಯಾರಿಸಿದ್ದರಲ್ಲಿ ಅರ್ಧ ಭಾಗವನ್ನು ದೇಹ ಇಟ್ಟುಕೊಳ್ಳುವುದಿಲ್ಲ. ಡಿಎಲ್-ಆಲ್ಫಾ ಟೋಕೋಫೆರಿಲ್ ಅಸಿಟೇಟ್ 400 ಮಿ.ಗ್ರಾಂ ಅಂದರೆ 400 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಯೂನಿಟ್). ಲೆಕ್ಕ ಹಾಕಿದರೆ ಬಳಕೆಗೆ ಬರುವುದು ಸುಮಾರು 180 ಮಿ.ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾಗಿರುವುದು ಸುಮಾರು 15 ಮಿ.ಗ್ರಾಂ. ಅಂದರೆ ಅರ್ಧ ಬಿಟ್ಟ ಮೇಲೂ ಹನ್ನೆರಡು ದಿನದ್ದನ್ನು ನೀವು ಒಂದೇ ಗುಟುಕಿಗೆ ನುಂಗುತ್ತಿದ್ದೀರಿ.

ಹಾಗಾದರೆ ನಿಮಗೆ ಕೊರತೆ ಇತ್ತಾ? ಇರಲಿಕ್ಕಿಲ್ಲ. ಕೊರತೆ ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಹದಿನೇಳು ವರ್ಷದ ಹುಡುಗ. ಚಿಕ್ಕಂದಿನಿಂದ ಪಿತ್ತರಸ ಸರಿಯಾಗಿ ಹರಿಯದ ಕಾಯಿಲೆ. ಪಿತ್ತ ಇಲ್ಲದೆ ಕೊಬ್ಬು ಜೀರ್ಣ ಆಗುವುದಿಲ್ಲ, ಕೊಬ್ಬು ಇಲ್ಲದೆ ವಿಟಮಿನ್ ಇ ಒಳಗೆ ಬರುವುದಿಲ್ಲ. ಅವನ ದೂರು ಒಂದೇ, ಕತ್ತಲಲ್ಲಿ ನಡೆದರೆ ಎಡವುತ್ತೇನೆ. ಪಾದ ಜೋಡಿಸಿ ನಿಲ್ಲಿಸಿದೆ, ನಿಂತ. ಕಣ್ಣು ಮುಚ್ಚು ಅಂದೆ, ಗಾಳಿಗೆ ಸಿಕ್ಕ ಗಿಡದ ಹಾಗೆ ತೂಗಾಡಿ ನನ್ನ ತೋಳು ಹಿಡಿದುಕೊಂಡ. ಮಂಡಿಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಅಲುಗಲಿಲ್ಲ. ಟ್ಯೂನಿಂಗ್ ಫೋರ್ಕ್ ಮಿಡಿದು ಕಾಲಿನ ಗಿಣ್ಣಿಗೆ ಇಟ್ಟೆ. ನನ್ನ ಬೆರಳಿಗೆ ಅದು ಜುಂ ಅನ್ನುತ್ತಿತ್ತು, ಅವನು "ಏನೂ ಇಲ್ಲ ಸರ್, ತಣ್ಣಗಿದೆ ಅಷ್ಟೇ" ಅಂದ. ಕೈಕಾಲು ಎಲ್ಲಿವೆ ಅಂತ ಮಿದುಳಿಗೆ ತಿಳಿಸುವ ಉದ್ದನೆಯ ನರಗಳು ವಿಟಮಿನ್ ಇ ಇಲ್ಲದೆ ಮೊದಲು ಸೊರಗುತ್ತವೆ. ಆಮೇಲೆ ಕಣ್ಣಿನ ರೆಟಿನಾ. ಅವನಿಗೆ ನೀರಿನಲ್ಲಿ ಬೆರೆಯುವ ರೂಪದ ವಿಟಮಿನ್ ಇ ಕೊಟ್ಟೆವು. ಹದಗೆಡುವುದು ನಿಂತಿತು, ಸ್ವಲ್ಪ ಸುಧಾರಿಸಿತು, ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ.

ಅವನ ತಲೆಕೂದಲು ಮಾತ್ರ ದಟ್ಟವಾಗಿತ್ತು, ಬೇಕಿದ್ದರೆ ನೆನಪಿಟ್ಟುಕೊಳ್ಳಿ.

ಊಟದಲ್ಲಿ ಕಡಿಮೆ ಆಯಿತು ಅಂತಲೇ ಇಂಥ ಸ್ಥಿತಿಗೆ ಬರುವುದು ಆರೋಗ್ಯವಂತರಲ್ಲಿ ತೀರಾ ಅಪರೂಪ. ದೇಹದ ಕೊಬ್ಬಿನಲ್ಲಿ ದಾಸ್ತಾನು ಇರುತ್ತದೆ, ಅದು ಖಾಲಿಯಾಗಲು ವರ್ಷಗಳೇ ಬೇಕು. ಕೊರತೆ ಬರುವುದು ಕೊಬ್ಬು ಹೀರಿಕೊಳ್ಳಲಾಗದ ಕಾಯಿಲೆಗಳಲ್ಲಿ, ಲಿವರ್ ಗೇಟಿನ ಆ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿರುವ ಕೆಲವೇ ಕುಟುಂಬಗಳಲ್ಲಿ, ಮತ್ತೆ ತಿಂಗಳು ತುಂಬದೆ ಹುಟ್ಟಿದ ಶಿಶುಗಳಲ್ಲಿ. ಈ ಶಿಶುಗಳಲ್ಲಿ ಕೆಂಪು ರಕ್ತಕಣದ ಪೊರೆ ಒಡೆದು ರಕ್ತಹೀನತೆ ಆಗುತ್ತದೆ.

ನಿಮ್ಮ ಕೂದಲಿನ ವಿಷಯದಲ್ಲಿ ಜನ ಎತ್ತಿ ತೋರಿಸುವುದು ಮಲೇಷ್ಯಾದಲ್ಲಿ ನಡೆದ ಒಂದು ಪ್ರಯೋಗವನ್ನು, 2010ರಲ್ಲಿ ಪ್ರಕಟವಾಯಿತು. ಎಂಟು ತಿಂಗಳಲ್ಲಿ ಕೂದಲಿನ ಸಂಖ್ಯೆ ಹೆಚ್ಚಾಯಿತು ಅಂತ ಅದರಲ್ಲಿದೆ. ಆದರೆ ಇದ್ದವರು ಒಟ್ಟು 38 ಜನ, ಮತ್ತು ಕೊಟ್ಟಿದ್ದು ಮುಖ್ಯವಾಗಿ ಟೋಕೋಟ್ರಯೀನಾಲ್. ನಿಮ್ಮ ಕ್ಯಾಪ್ಸೂಲ್‌ನಲ್ಲಿರುವುದು ಅದಲ್ಲವೇ ಅಲ್ಲ! ನಿಲ್ಲಿಸಿದರೆ ಜಾಸ್ತಿ ಉದುರುತ್ತದೆ ಅನ್ನುವ ಭಯಕ್ಕೂ ಅರ್ಥ ಇಲ್ಲ. ಈ ವಯಸ್ಸಿನ ಹೆಣ್ಣುಮಕ್ಕಳು ಕೂದಲು ಉದುರುತ್ತದೆ ಅಂತ ಬಂದರೆ ನಾನು ಮೊದಲು ನೋಡುವುದು ಕಬ್ಬಿಣದ ದಾಸ್ತಾನು, ಅಂದರೆ ಫೆರಿಟಿನ್, ಮತ್ತು ಥೈರಾಯ್ಡ್. ಆಮೇಲೆ ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ, ತೂಕ ಇಳಿಸಿದಿರಾ ಅಂತ ಕೇಳುತ್ತೇನೆ. ಕೂದಲು ಅಂದಿನ ಸಾಲವನ್ನು ಇಂದು ತೀರಿಸುತ್ತಿರುತ್ತದೆ. ಥೈರಾಯ್ಡ್ ನಿಧಾನ ಆದರೆ ಚರ್ಮ ಒಣಗುವುದು, ಸ್ನಾಯು ಹಿಡಿಯುವುದು ಎರಡೂ ಜೊತೆಗೇ ಬರಬಹುದು, ಹಾಗಾಗಿ ನಿಮ್ಮ ಮೂರೂ ದೂರುಗಳಿಗೆ ಬೇರು ಒಂದೇ ಇದ್ದರೂ ಇರಬಹುದು. ಮೀನಖಂಡದ ಸೆಳೆತಕ್ಕೆ ಹಿಂದೆ ವಿಟಮಿನ್ ಇ ಬರೆದುಕೊಡುವ ರೂಢಿ ಇತ್ತು, ನಾನೂ ಬರೆದಿದ್ದೇನೆ. ಸಕ್ಕರೆ ಗುಳಿಗೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ ಅಂತ ಪ್ರಯೋಗ ಹೇಳಿದ ಮೇಲೆ ಬಿಟ್ಟೆ.

ಮುಖಕ್ಕೆ ಚುಚ್ಚಿ ಹಚ್ಚುವುದನ್ನು ದಯವಿಟ್ಟು ಬಿಡಿ. ಎಣ್ಣೆ ಹಚ್ಚಿದರೆ ಚರ್ಮ ಮೆತ್ತಗಾಗುತ್ತದೆ, ನಿಜ, ಆ ಕೆಲಸ ಸಾದಾ ಮಾಯಿಶ್ಚರೈಸರ್ ಕೂಡ ಮಾಡುತ್ತದೆ. 1999ರಲ್ಲಿ ಅಮೆರಿಕದ ಚರ್ಮವೈದ್ಯರು 15 ಜನರ ಶಸ್ತ್ರಚಿಕಿತ್ಸೆಯ ಗಾಯದ ಮೇಲೆ ಅರ್ಧ ಭಾಗಕ್ಕೆ ಬರೀ ಮುಲಾಮು, ಇನ್ನರ್ಧಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು ಹಚ್ಚಿಸಿ ನೋಡಿದರು. ಕಲೆಗೆ ಹೆಚ್ಚಿನವರಲ್ಲಿ ಏನೂ ಪ್ರಯೋಜನ ಆಗಲಿಲ್ಲ, ಕೆಲವರಲ್ಲಿ ಇನ್ನೂ ಹದಗೆಟ್ಟಿತು, ಮೂರರಲ್ಲಿ ಒಂದು ಪಾಲು ಜನರಿಗೆ ತುರಿಕೆ, ದದ್ದು ಬಂತು. ಇನ್ನೊಂದು ಮಾತು, ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇಲ್ಲದಿದ್ದರೂ ಹೇಳಿಬಿಡುತ್ತೇನೆ. 2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟು ಸೇದಿದವರು ಶ್ವಾಸಕೋಶ ಕೆಟ್ಟು ಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ದೊಡ್ಡ ಆರೋಪಿ ಅಂತ ಸಿಕ್ಕಿಬಿದ್ದಿದ್ದು ದ್ರವದಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್, ಕ್ಯಾಪ್ಸೂಲ್‌ನಲ್ಲೂ ಕ್ರೀಮಿನಲ್ಲೂ ಇರುವ ಅದೇ ವಸ್ತು. ಹೊಟ್ಟೆಗೆ ಹೋದರೆ ಸುಮ್ಮನಿರುವುದು ಶ್ವಾಸಕೋಶಕ್ಕೆ ಹೋದರೆ ಸುಮ್ಮನಿರುವುದಿಲ್ಲ.

ಗರ್ಭದ ವಿಷಯದಲ್ಲಿ ನೀವು ಓದಿದ್ದು ಪೂರ್ತಿ ಸುಳ್ಳಲ್ಲ, ಇಲಿಗಳ ಮಟ್ಟಿಗೆ ನಿಜ. 1922ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ಅನ್ನುವವರು ಇಲಿಗಳಿಗೆ ಹಂದಿ ಕೊಬ್ಬು ಇದ್ದ ಲೆಕ್ಕದ ಆಹಾರ ಹಾಕಿ ಸಾಕುತ್ತಿದ್ದರು. ಇಲಿಗಳು ಗರ್ಭ ಧರಿಸುತ್ತಿದ್ದವು, ಆದರೆ ಮರಿ ಒಳಗೇ ಸತ್ತು ಕರಗಿಹೋಗುತ್ತಿತ್ತು. ಲೆಟಿಸ್ ಸೊಪ್ಪು ಕೊಟ್ಟಾಗ ಮರಿಗಳು ಉಳಿದವು. ಎ, ಬಿ, ಸಿ, ಡಿ ಆಗಲೇ ಹಂಚಿಹೋಗಿದ್ದರಿಂದ ಸೊಪ್ಪಿನಲ್ಲಿದ್ದ ಆ ವಸ್ತುವಿಗೆ ಇ ಅನ್ನುವ ಅಕ್ಷರ ಸಿಕ್ಕಿತು. ಟೋಕೋಫೆರಾಲ್ ಅನ್ನುವ ಹೆಸರಿಗೂ ಗ್ರೀಕ್‌ನಲ್ಲಿ "ಹೆರಿಗೆ ತರುವುದು" ಅಂತಲೇ ಅರ್ಥ. ಆ ಹೆಸರಿನ ಗುಂಗು ನೂರು ವರ್ಷ ಆದರೂ ಇಳಿದಿಲ್ಲ. ಸರಿಯಾಗಿ ಊಟ ಮಾಡುವ ಹೆಂಗಸಿಗೆ ಕ್ಯಾಪ್ಸೂಲ್ ನುಂಗಿದ್ದರಿಂದ ಗರ್ಭ ನಿಲ್ಲುತ್ತದೆ ಅಂತ ಯಾರೂ ತೋರಿಸಿಲ್ಲ. ಬಸುರಿಯರ ರಕ್ತದೊತ್ತಡದ ಕಾಯಿಲೆ ತಡೆಯಬಹುದು ಅನ್ನುವ ಆಸೆಯಿಂದ ಬ್ರಿಟನ್‌ನಲ್ಲಿ ವಿಟಮಿನ್ ಸಿ ಜೊತೆ ವಿಟಮಿನ್ ಇ 400 ಐ.ಯು. ಕೊಟ್ಟು ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಕಾಯಿಲೆ ಕಡಿಮೆ ಆಗಲಿಲ್ಲ, ಕಡಿಮೆ ತೂಕದ ಮಕ್ಕಳು ಸ್ವಲ್ಪ ಜಾಸ್ತಿಯೇ ಹುಟ್ಟಿದವು. ನೀವು ಮಗುವಿಗೆ ಪ್ರಯತ್ನ ಮಾಡುತ್ತಿದ್ದರೆ ಈಗಿಂದಲೇ ಬೇಕಾದ್ದು ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ!

"ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲವಲ್ಲ" ಅಂತ ನೀವು ಕೇಳಬಹುದು. 1990ರ ದಶಕದಲ್ಲಿ ನಾವು ವೈದ್ಯರೂ ಹಾಗೇ ಅಂದುಕೊಂಡಿದ್ದೆವು. ವಿಟಮಿನ್ ಇ ಮಾತ್ರೆ ತಗೊಳ್ಳುವವರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ದೊಡ್ಡ ಸಮೀಕ್ಷೆಗಳು ಹೇಳಿದ್ದವು. ಆದರೆ ವಿಟಮಿನ್ ಮಾತ್ರೆ ಕೊಂಡು ತಪ್ಪದೆ ನುಂಗುವವರು ಸಾಮಾನ್ಯವಾಗಿ ವಾಕಿಂಗ್‌ಗೂ ಹೋಗುತ್ತಾರೆ, ಸಿಗರೇಟನ್ನೂ ಸೇದುವುದಿಲ್ಲ. ಹೆಸರು ಮಾತ್ರೆಗೆ, ದುಡಿಮೆ ವಾಕಿಂಗ್‌ದು. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ವಿಟಮಿನ್, ಇನ್ನೊಂದಕ್ಕೆ ಸುಳ್ಳು ಮಾತ್ರೆ ಕೊಟ್ಟಾಗ ಬಣ್ಣ ಕಳಚಿತು. 2000ದಲ್ಲಿ ಹೋಪ್ ಅನ್ನುವ ಪ್ರಯೋಗದಲ್ಲಿ 9,500ಕ್ಕೂ ಹೆಚ್ಚು ಜನರಿಗೆ ಹೃದಯದ ಲಾಭ ಏನೂ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರನ್ನು ಇನ್ನೂ ಕೆಲವು ವರ್ಷ ಹಿಂಬಾಲಿಸಿದಾಗ ವಿಟಮಿನ್ ತಗೊಂಡವರಲ್ಲಿ ಹಾರ್ಟ್ ಫೇಲ್ಯೂರ್ ಸ್ವಲ್ಪ ಜಾಸ್ತಿ ಕಂಡಿತು. ಸೆಲೆಕ್ಟ್ ಅನ್ನುವ ಇನ್ನೊಂದರಲ್ಲಿ 35,533 ಗಂಡಸರಿದ್ದರು. ದಿನಕ್ಕೆ 400 ಐ.ಯು. ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಹೆಚ್ಚಾಗಿತ್ತು. ಮಿದುಳಿನ ರಕ್ತಸ್ರಾವದ ಸ್ಟ್ರೋಕ್ ಕೆಲವು ಪ್ರಯೋಗಗಳಲ್ಲಿ ಹೆಚ್ಚಾಗಿ ಕಂಡಿದೆ.

ಈ ಅಂಕಿ ನೋಡಿ ನಿಮಗೆ ಏನೋ ಆಗಿಬಿಟ್ಟಿದೆ ಅಂತ ಭಾವಿಸಬೇಡಿ. ಆ ಪ್ರಯೋಗಗಳಲ್ಲಿ ಇದ್ದವರು ಹೆಚ್ಚಾಗಿ ವಯಸ್ಸಾದವರು, ವರ್ಷಗಟ್ಟಲೆ ತಗೊಂಡವರು. ಅಮೆರಿಕದವರು ವಯಸ್ಕರಿಗೆ ಇಟ್ಟಿರುವ ಮೇಲ್ಮಿತಿ ದಿನಕ್ಕೆ 1000 ಮಿ.ಗ್ರಾಂ, ಯುರೋಪಿನವರದ್ದು 300. ಈ ಮಿತಿಗಳ ಲೆಕ್ಕಕ್ಕೆ ದೇಹ ಇಟ್ಟುಕೊಳ್ಳದ ಅರ್ಧವೂ ಸೇರುತ್ತದೆ, ಹಾಗಾಗಿ ನೀವು ಅಮೆರಿಕದ ಮಿತಿಯೊಳಗೆ ಇದ್ದೀರಿ, ಯುರೋಪಿನದ್ದನ್ನು ದಾಟಿದ್ದೀರಿ. ಅದೂ ಅಲ್ಲದೆ, ಒಂದು ಮಿತಿಯೊಳಗೆ ಇದೆ ಅನ್ನುವುದು ನುಂಗಲು ಕಾರಣ ಆಗುವುದಿಲ್ಲ ಅಲ್ವಾ.

ಕಾರಣ ಇರುವವರೂ ಇದ್ದಾರೆ. ಸಕ್ಕರೆ ಕಾಯಿಲೆ ಇಲ್ಲದೆ ಫ್ಯಾಟಿ ಲಿವರ್ ಉರಿಯೂತದ ಹಂತಕ್ಕೆ ಹೋಗಿ, ಬಯಾಪ್ಸಿಯಲ್ಲಿ ಅದು ಖಚಿತವಾದ ಕೆಲವರಿಗೆ ದಿನಕ್ಕೆ 800 ಐ.ಯು. ಕೊಡುವುದುಂಟು. ವಯಸ್ಸಿನಿಂದ ಬರುವ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತ ಮಧ್ಯದ ಹಂತದಲ್ಲಿದ್ದರೆ ಕಣ್ಣಿನ ವೈದ್ಯರು ಸತು, ವಿಟಮಿನ್ ಸಿ ಜೊತೆ ಇದನ್ನೂ ಬರೆಯುತ್ತಾರೆ. ಆ ಹುಡುಗನಂಥವರಿಗಂತೂ ಇದು ಬದುಕಿರುವಷ್ಟು ಕಾಲ ಬೇಕು. ಇವರೆಲ್ಲ ಲಾಭ ನಷ್ಟ ತೂಗಿ, ವೈದ್ಯರ ಕಣ್ಣಳತೆಯಲ್ಲಿ ತಗೊಳ್ಳುವವರು.

ನಿಮಗೆ ನನ್ನ ಸಲಹೆ, ನಿಲ್ಲಿಸಿ. ಒಂದೇ ಸಲ ನಿಲ್ಲಿಸಬಹುದು, ಇಳಿಸುತ್ತಾ ಬರಬೇಕಾಗಿಲ್ಲ. ಊಟದಿಂದ ಸಿಗುತ್ತಾ ಅನ್ನುವ ಅನುಮಾನ ಇದ್ದರೆ, ಒಂದು ಹಿಡಿ, ಅಂದರೆ ಸುಮಾರು 28 ಗ್ರಾಂ ಬಾದಾಮಿಯಲ್ಲಿ ಅಥವಾ ಸೂರ್ಯಕಾಂತಿ ಬೀಜದಲ್ಲಿ 7 ಮಿ.ಗ್ರಾಂ ಆಸುಪಾಸು ಇರುತ್ತದೆ. ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆಯಲ್ಲಿ 5 ಮಿ.ಗ್ರಾಂಗಿಂತ ಸ್ವಲ್ಪ ಜಾಸ್ತಿ. ಕಡಲೆಕಾಯಿ, ಪಾಲಕ್ ಇವುಗಳಿಂದಲೂ ಅಷ್ಟಿಷ್ಟು ಸೇರುತ್ತದೆ. ಬಸುರಿಯರಿಗೆ ಬರೆದುಕೊಡುವ ಮಲ್ಟಿವಿಟಮಿನ್‌ನಲ್ಲಿ ಇರುವ ಸಣ್ಣ ಪ್ರಮಾಣದ ವಿಟಮಿನ್ ಇ ಬಗ್ಗೆ ಚಿಂತೆ ಬೇಡ. ನಾನು ಬೇಡ ಅಂದಿದ್ದು 400ರ ಕ್ಯಾಪ್ಸೂಲ್‌ಗೆ. ಇಷ್ಟಾದರೂ ಮುಂದುವರಿಸುತ್ತೇನೆ ಅಂದರೆ ಅದು ನಿಮ್ಮ ಇಷ್ಟ. ಆದರೆ ಹಲ್ಲು ಕೀಳಿಸುವುದಿರಲಿ, ಆಪರೇಷನ್ ಇರಲಿ, "ವಿಟಮಿನ್ ತಾನೇ" ಅಂತ ಬಿಡದೆ ಡಾಕ್ಟರಿಗೆ ಮೊದಲೇ ಹೇಳಿ. ಫೆರಿಟಿನ್, ಥೈರಾಯ್ಡ್ ನೋಡುವ ಟಿಎಸ್‌ಎಚ್, ಎರಡೂ ರಕ್ತಪರೀಕ್ಷೆ ಮಾಡಿಸಿ. ವರದಿ ಬಂದ ಮೇಲೆ ಬರೆಯಿರಿ, ಕೂದಲಿನ ಮಾತು ಆಗ ಮುಂದುವರಿಸೋಣ.

ಉಳಿದ ಸ್ಟ್ರಿಪ್‌ಗಳನ್ನು ಅಮ್ಮನ ಮಾತ್ರೆ ಡಬ್ಬಿಯ ಪಕ್ಕ ಇಡಬೇಡಿ. ಮತ್ತೆ ಅವರು ಮಂಡಿಗೆ ಬೇರೆ ಏನಾದರೂ ಮಾತ್ರೆ ನುಂಗುತ್ತಿದ್ದಾರಾ ಅಂತ ಇವತ್ತೇ ಕೇಳಿ. ವಾರ್ಫರಿನ್ ಜೊತೆ ನೋವಿನ ಮಾತ್ರೆ ವಿಟಮಿನ್ ಇಗಿಂತಲೂ ಅಪಾಯ.